ಆರು ಮಿಲಿಮೀಟರಿಗಾಗಿ ಒಂದು ಬೆಟ್ಟವೇ?

ಜಗಳೂರಿನ ರೈತನು ದೊಡ್ಡ ಟ್ರ್ಯಾಕ್ಟರ್ ಕೊಂಡೊಡನೆ ಕೇಳಿಬರುವ ಉಪದೇಶವೊಂದಿದೆ: "ಹಳೆಯ ಕಲ್ಟಿವೇಟರ್ ಇದಕ್ಕೆ ಕೂಡದು, ಹೊಸದನ್ನು ಕೊಳ್ಳಿ." ಇದನ್ನು ನಾವು ಒಪ್ಪಲಾಗದು.

ನಿಜವಾದ ಅಡ್ಡಿಯೇನು? ಚಿಕ್ಕ ಟ್ರ್ಯಾಕ್ಟರಿನ ಸಲಕರಣೆಗೆ ಕೆಳಪಿನ್ನಿನ ದಪ್ಪ ಸುಮಾರು 22 ಮಿ.ಮೀ.; ದೊಡ್ಡದರ ಕೆಳತೋಳಿನ ತೂತು ಸುಮಾರು 28 ಮಿ.ಮೀ. ಮನೆಯಂಗಳದಲ್ಲಿ ಲೇತ್ ಇಟ್ಟುಕೊಂಡವರು ಈ ಅಳತೆಗೆ ಉಕ್ಕಿನ ಬುಷ್ ಕಡೆದು ಪಿನ್ನಿಗೆ ತೊಡಿಸಬಲ್ಲರು. ಮೇಲಿನ ಪಿನ್ನಿಗೂ ಇದೇ ಉಪಾಯ.

ಹೊಸ ಕಲ್ಟಿವೇಟರಿನ ಉಕ್ಕು ಆಕಾಶದಿಂದ ಇಳಿಯದು. ಅದಿರಿಗಾಗಿ ಸಂಡೂರಿನ ಬೆಟ್ಟಗಳು ಕರಗಿದುದನ್ನು ಕಂಡಿದ್ದೇವೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಬಳ್ಳಾರಿಯ ಗಣಿಗಾರಿಕೆಯನ್ನು ತಡೆಯಬೇಕಾಯಿತು.

2022ರಲ್ಲಿ ಕೇಂದ್ರ ಸರ್ಕಾರವು ದುರಸ್ತಿಯ ಹಕ್ಕಿಗಾಗಿ ಸಮಿತಿ ರಚಿಸಿದಾಗ ಕೃಷಿ ಯಂತ್ರಗಳೂ ಅದರ ವ್ಯಾಪ್ತಿಗೆ ಬಂದವು. ಆದರೆ ಹಕ್ಕು ಕಾಗದದಲ್ಲಿದ್ದರೆ ಸಾಲದು, ಲೇತಿನ ಮೇಲೂ ಇಳಿಯಬೇಕು.

ಒಂದು ಎಚ್ಚರಿಕೆ: ನಿಮಿಷಕ್ಕೆ 540 ಸುತ್ತು ತಿರುಗುವ ಪಿ.ಟಿ.ಒ. ದಂಡಕ್ಕೆ ಮನೆಯ ಜೋಡಣೆ ಸಲ್ಲದು. ಅಲ್ಲಿ ಬೆಸುಗೆ ಬಿಟ್ಟರೆ ಪ್ರಾಣಕ್ಕೇ ಸಂಚಕಾರ.

ಐ.ಟಿ.ಐ. ವಿದ್ಯಾರ್ಥಿಗಳೇ, ಅಭ್ಯಾಸಕ್ಕೆಂದು ಕಡೆದು ಎಸೆಯುವ ತುಂಡಿನ ಬದಲು ಈ ಬುಷ್ ಕಡೆಯಿರಿ. ರೈತಬಂಧುಗಳೇ, ಕಲ್ಟಿವೇಟರನ್ನು ಗುಜರಿಗೆ ಹಾಕುವ ಮುನ್ನ ಅದರ ಪಿನ್ನನ್ನೊಮ್ಮೆ ಅಳೆಯಿರಿ.