ಒಳಗೆ ಚೈನಾ ಮಾಲಂತೆ!

ಕಲ್ಲಂಗಡಿ ಬಣ್ಣದ ವಾಚು ಕಟ್ಟಿಕೊಂಡು ಆಫೀಸಿಗೆ ಹೋದ ದಿನ ಸಹೋದ್ಯೋಗಿಯೊಬ್ಬ ಕೇಳಿದ ಮೊದಲ ಪ್ರಶ್ನೆ: ‘ಒಳಗಿರೋದು ಚೈನಾ ಮಾಲಂತೆ, ಹೌದೇನೋ?’

ಹೌದಪ್ಪಾ, ಹೌದು. ಅದು ಬ್ರಿಟನ್ನಿನ ಸ್ಟುಡಿಯೋ ಅಂಡರ್‌ಡಾಗ್ ಎಂಬ ಪುಟ್ಟ ಕಂಪನಿಯ ಕ್ರೊನೋಗ್ರಾಫ್. ಒಳಗಿನ ಮೂವ್‌ಮೆಂಟ್ ಚೀನಾದ ಸೀಗಲ್ ಕಾರ್ಖಾನೆಯದು. ಕಂಪನಿ ಇದನ್ನೇನೂ ಮುಚ್ಚಿಟ್ಟಿಲ್ಲ. ಹಿಂಬದಿಗೆ ಗಾಜು ಹಾಕಿ ತೋರಿಸಿದೆ. ಅದರ ಕುಲಗೋತ್ರ ಕೆದಕಿದರೆ ಸಿಗೋದು ಮತ್ತೆ ಸ್ವಿಟ್ಜರ್ಲೆಂಡೇ. ಅಲ್ಲಿನ ವೀನಸ್ 175 ಮೂವ್‌ಮೆಂಟ್ ತಯಾರಿಸುವ ಯಂತ್ರಗಳನ್ನು 1960ರ ದಶಕದ ಆರಂಭದಲ್ಲಿ ಚೀನಾ ಕೊಂಡುಕೊಂಡಿತು, ತನ್ನ ವಾಯುಪಡೆಯ ಪೈಲಟ್‌ಗಳಿಗೆ ವಾಚು ಮಾಡಿಕೊಡಲು.

‘ಸ್ವಂತ ಮೂವ್‌ಮೆಂಟ್ ಇಲ್ಲದವರದ್ದೂ ಒಂದು ವಾಚಾ?’ ಅನ್ನೋರು ಇದೇ ಮಾತನ್ನು ರೋಲೆಕ್ಸ್‌ಗೂ ಹೇಳಲಿ. ಅದರ ಡೇಟೋನಾ 1988ರವರೆಗೆ ಓಡಿದ್ದು ವಾಲ್ಜೂ ಮೂವ್‌ಮೆಂಟ್ ಆಧಾರದ ಮೇಲೆ, ಆಮೇಲೆ ಜೆನಿತ್‌ನದ್ದು. ಸ್ವಂತದ್ದು ಬಂದಿದ್ದು 2000ದಲ್ಲಿ. 1969ರಲ್ಲಿ ಚಂದ್ರನ ಮೇಲಿಳಿದ ಒಮೇಗಾ ಸ್ಪೀಡ್‌ಮಾಸ್ಟರ್ ಒಳಗಿದ್ದದ್ದು ಲೆಮಾನಿಯಾದವರು ರೂಪಿಸಿದ ಮೂವ್‌ಮೆಂಟ್. ದೊಡ್ಡವರು ಹೊರಗಿನಿಂದ ತಂದರೆ ಪರಂಪರೆ, ಸಣ್ಣವರು ತಂದರೆ ಕಲಬೆರಕೆ. ಯಾವ ನ್ಯಾಯ ಸ್ವಾಮಿ ಇದು?

ಕ್ರೊನೋಗ್ರಾಫ್ ಅಂದರೆ ಮಾಮೂಲಿ ವಾಚಿನ ಮೇಲೆ ಇನ್ನೊಂದು ಯಂತ್ರ ಕೂರಿಸಿದ ಹಾಗೆ. ಲಿವರು, ಸ್ಪ್ರಿಂಗು, ಹಲ್ಲಿನ ಚಕ್ರ ಎಲ್ಲ ಜಾಸ್ತಿ. ಇವತ್ತಲ್ಲ ನಾಳೆ ರಿಪೇರಿಗೆ ಬಂದೇ ಬರುತ್ತೆ. ಐದಾರು ಜನರ ಕಂಪನಿ ಹಟ ಹಿಡಿದು ತನ್ನದೇ ಮೂವ್‌ಮೆಂಟ್ ಮಾಡಿ, ಹತ್ತು ವರ್ಷಕ್ಕೆ ಬಾಗಿಲು ಹಾಕಿದರೆ ಪಾರ್ಟ್ಸ್ ಎಲ್ಲಿಂದ ತರ್ತೀರಿ? ನಮ್ಮ ಎಚ್‌ಎಂಟಿಯನ್ನೇ ನೋಡಿ. ವಾಚ್ ಕಂಪನಿ ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಆದರೂ ಬೆಂಗಳೂರಿನ ರಿಪೇರಿಯವರು ಇವತ್ತಿಗೂ ಅಜ್ಜನ ಜನತಾ ವಾಚನ್ನು ಓಡಿಸಿಕೊಡ್ತಾರೆ. ಕಾರಣ ಇಷ್ಟೇ: ಅದೇ ಮೂವ್‌ಮೆಂಟ್ ಲಕ್ಷಗಟ್ಟಲೆ ತಯಾರಾಗಿತ್ತು, ಹಳೆಯದೊಂದನ್ನು ಬಿಚ್ಚಿದರೆ ಪಾರ್ಟ್ಸ್ ಸಿಗುತ್ತೆ.

ಹಾಗಂತ ಸಣ್ಣ ಕಂಪನಿಗಳೆಲ್ಲ ಸಾಚಾ ಅಂತಲ್ಲ. ರೆಡಿಮೇಡ್ ಕೇಸಿಗೆ ಹೆಸರು ಒತ್ತಿ, ‘ಲಿಮಿಟೆಡ್ ಎಡಿಷನ್’ ಅಂತ ನಂಬರ್ ಕೆತ್ತಿ ಮಾರುವವರೂ ಇದ್ದಾರೆ. ಅದಕ್ಕೇ ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಡಯಲ್ಲು, ಕೇಸು ಯಾರ ವಿನ್ಯಾಸ? ಕಳಿಸುವ ಮುಂಚೆ ವಾಚನ್ನು ಪರೀಕ್ಷೆ ಮಾಡಿದವರು ಯಾರು? ಕೆಟ್ಟರೆ ಸರ್ವಿಸ್ ಎಲ್ಲಿ? ಮೂವ್‌ಮೆಂಟ್ ಯಾರದ್ದು ಅಂತ ಬಾಯಿಬಿಟ್ಟು ಹೇಳ್ತಾರಾ? ಇದಕ್ಕೆಲ್ಲ ನೇರ ಉತ್ತರ ಕೊಟ್ಟವರಿಗೆ ನನ್ನ ದುಡ್ಡು.

ಅಂದಹಾಗೆ, ಆ ಸಹೋದ್ಯೋಗಿಯ ಬೀರುವಿನಲ್ಲಿ ನಾಲ್ಕು ‘ಇನ್-ಹೌಸ್’ ಕ್ರೊನೋಗ್ರಾಫ್‌ಗಳಿವೆ. ಇದುವರೆಗೆ ಒಂದರ ಗುಂಡಿಯನ್ನೂ ಒತ್ತಿಲ್ಲವಂತೆ. ಒತ್ತಿದರೆ ರೀಸೇಲ್ ಬೆಲೆ ಬೀಳುತ್ತಂತೆ!