ರೀಸ್ಟಾರ್ಟ್ ಮಾಡಿದ್ದು ಸಾಕು, ಎರಡನೆಯ ಯಂತ್ರ ಹುಡುಕಿ

ನಮ್ಮ ಕಡೆ ಯಾವ ಕಚೇರಿಯಲ್ಲಿ ಪ್ರಿಂಟರ್ ನಿಂತರೂ ಮೊದಲು ಕೇಳಿಬರುವ ಮಾತು 'ಸರ್ವರ್ ಡೌನ್'. ಆಮೇಲಿನದು 'ಒಂದ್ಸಲ ಆಫ್ ಮಾಡಿ ಆನ್ ಮಾಡಿ'. ಸಾಗರ, ಸೊರಬದ ಸುತ್ತಮುತ್ತಲ ಸಹಕಾರ ಸಂಘ, ಶಾಲೆ, ಕ್ಲಿನಿಕ್‌ಗಳ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕಸುಬು. ಈ ಎರಡನೆಯ ಸಲಹೆಯನ್ನು ನಾನು ಒಪ್ಪುವುದಿಲ್ಲ. ಒಂದೇ ಐಪಿ ಅಡ್ರೆಸ್ಸನ್ನು ಎರಡು ಯಂತ್ರಗಳು ಹಿಡಿದುಕೊಂಡಿದ್ದರೆ ರೀಸ್ಟಾರ್ಟಿನಿಂದ ತೊಂದರೆ ತೊಲಗುವುದಿಲ್ಲ, ಪಕ್ಕದ ಮೇಜಿಗೆ ಹೋಗುತ್ತದೆ.

ಒಂದೇ ಸರ್ವೆ ನಂಬರಿಗೆ ಇಬ್ಬರ ಹೆಸರಲ್ಲಿ ಪಹಣಿ ಎದ್ದರೆ ಏನಾಗುತ್ತದೆ ಎಂಬುದನ್ನು ಹಳ್ಳಿಯವರಿಗೆ ಹೇಳಿಕೊಡಬೇಕಾಗಿಲ್ಲ. ಇಲ್ಲೂ ಅದೇ. '192.168.1.100 ಯಾರು?' ಎಂದು ಕಂಪ್ಯೂಟರ್ ನೆಟ್‌ವರ್ಕಿನಲ್ಲಿ ಕೂಗಿ ಕೇಳುತ್ತದೆ, 'ನಾನು' ಎಂದವರನ್ನು ನಂಬುತ್ತದೆ. ಎಆರ್‌ಪಿ ಎಂಬ ಈ ಪದ್ಧತಿಯನ್ನು ಡೇವಿಡ್ ಪ್ಲಮ್ಮರ್ ಬರೆದದ್ದು 1982ರಲ್ಲಿ. ಉತ್ತರ ಕೊಟ್ಟವರು ನಿಜವಾದ ಹಕ್ಕುದಾರರೇ ಎಂದು ವಿಚಾರಿಸುವ ವ್ಯವಸ್ಥೆ ಅದರಲ್ಲಿಲ್ಲ. ಇಬ್ಬರು ಉತ್ತರಿಸಿದರೆ ಸಾಮಾನ್ಯವಾಗಿ ಕೊನೆಯ ಉತ್ತರವೇ ನೆನಪಿನಲ್ಲಿ ಉಳಿಯುತ್ತದೆ. ಹೊಸದಾಗಿ ಆನ್ ಆದ ಯಂತ್ರ ಬಹಳ ಸಲ ತಾನಾಗಿಯೇ 'ಈ ಅಡ್ರೆಸ್ ನನ್ನದು' ಎಂದು ಸಾರುತ್ತದೆ. ಹಾಗಾಗಿಯೇ ರೀಸ್ಟಾರ್ಟ್ ಮಾಡಿದ ಕೂಡಲೇ ಎಲ್ಲ ಸರಿಹೋದಂತೆ ಕಾಣುವುದು. ಊಟ ಮುಗಿಸಿ ಬರುವಷ್ಟರಲ್ಲಿ ಮತ್ತೆ ಅದೇ ಕಥೆ.

ಮಾರ್ಚ್ ಕೊನೆ. ಬೆಳೆಸಾಲ ಕಟ್ಟಲು ರೈತರು ಒಂದು ಸಂಘದ ಮುಂದೆ ಸಾಲುಗಟ್ಟಿದ್ದರು. ಗಡುವಿನೊಳಗೆ ಕಟ್ಟಿದರಷ್ಟೇ ಬಡ್ಡಿ ಇಲ್ಲ. ಕೌಂಟರಿನಲ್ಲಿ ರಸೀದಿ ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ. 'ಪ್ರಿಂಟರ್ ಹೋಗಿದೆ ಸಾರ್, ಹೊಸದು ತರಿಸಿಬಿಡೋಣ' ಎಂದರು ಗುಮಾಸ್ತರು. ನಾನು ಪ್ರಿಂಟರಿನ ನೆಟ್‌ವರ್ಕ್ ಕೇಬಲ್ ಕಿತ್ತು, ಕಂಪ್ಯೂಟರಿನ ಕಪ್ಪು ಕಮಾಂಡ್ ಪರದೆಯಿಂದ ಅದರ ಅಡ್ರೆಸ್ಸಿಗೇ ಪಿಂಗ್ ಹೊಡೆದೆ, ಅಂದರೆ 'ಇದ್ದೀಯಾ' ಎಂದು ಕೇಳಿದೆ. ಕೇಬಲ್ ಇಲ್ಲದ ಪ್ರಿಂಟರಿನ ಹೆಸರಿನಲ್ಲಿ ಬೇರೆ ಯಾರೋ ಉತ್ತರ ಕೊಡುತ್ತಿದ್ದರು. ಒಂದು ಪೈಸೆ ಖರ್ಚಿಲ್ಲದ ಈ ಪರೀಕ್ಷೆಯನ್ನು ಪ್ರತಿ ಕಚೇರಿಯಲ್ಲೂ ಒಬ್ಬರಾದರೂ ಕಲಿತಿರಬೇಕು ಎಂಬುದು ನನ್ನ ಹಟ.

ಎರಡನೆಯ ಯಂತ್ರ ಇರುವುದು ಖಚಿತವಾದ ಮೇಲೆ ಅದು ಯಾವುದು ಎಂದು ಹುಡುಕಬೇಕು. ಪಿಂಗ್ ಆದ ಕೂಡಲೇ ಅದೇ ಕಪ್ಪು ಪರದೆಯಲ್ಲಿ 'ಎಆರ್‌ಪಿ ಮೈನಸ್ ಎ' ಎಂದು ಕೊಟ್ಟರೆ ಆ ಅಡ್ರೆಸ್ಸಿನ ಎದುರು ಹನ್ನೆರಡು ಅಕ್ಷರ, ಅಂಕಿಗಳ ಮ್ಯಾಕ್ ಅಡ್ರೆಸ್ ಬರುತ್ತದೆ. ಮೊದಲ ಆರು ತಯಾರಕರ ಗುರುತು. ಕ್ಯಾಮೆರಾ ಕಂಪನಿಯೋ ಕಂಪ್ಯೂಟರ್ ಕಂಪನಿಯೋ ಎಂಬುದು ಅಲ್ಲೇ ಗೊತ್ತಾಗುತ್ತದೆ. ಎರಡನೆಯ ಸ್ಥಾನದಲ್ಲಿ 2, 6, ಎ, ಇ ಇವುಗಳಲ್ಲೊಂದು ಕಂಡರೆ ಅದು ಬಹುತೇಕ ಯಾರದೋ ಜೇಬಿನ ಮೊಬೈಲು, ಏಕೆಂದರೆ ಈಗಿನ ಫೋನುಗಳು ವೈಫೈಗೆ ತಾವೇ ಕಲ್ಪಿಸಿಕೊಂಡ ಗುರುತು ಕೊಡುತ್ತವೆ. ಒಳ್ಳೆಯ ಸ್ವಿಚ್ ಇದ್ದರೆ ಯಂತ್ರ ಯಾವ ಪೋರ್ಟಿನಲ್ಲಿದೆ ಎಂದು ಅದೇ ಹೇಳುತ್ತದೆ. ನಮ್ಮ ಸಂಘಗಳಲ್ಲಿರುವುದು ಅಗ್ಗದ ಎಂಟು ಪೋರ್ಟಿನ ಡಬ್ಬಿ. ಅಲ್ಲಿ ಪಿಂಗ್ ಓಡುತ್ತಿರುವಾಗಲೇ ಕೇಬಲ್‌ಗಳನ್ನು ಒಂದೊಂದಾಗಿ ಕಿತ್ತು, ಯಾವುದಕ್ಕೆ ಉತ್ತರ ನಿಲ್ಲುತ್ತದೆ ಎಂದು ನೋಡಬೇಕು. ಅವತ್ತು ನಿಂತದ್ದು ಹಾಜರಾತಿಯ ಥಂಬ್ ಮಷಿನ್ನಿನ ಕೇಬಲ್ಲಿಗೆ. ಅದನ್ನು ಗೋಡೆಗೆ ಹೊಡೆದು ಹೋದವರು ನೆನಪಿಗೆ ಸುಲಭವೆಂದು ಅಡ್ರೆಸ್ಸಿನ ಕೊನೆಗೆ ಪ್ರಿಂಟರಿನಂತೆಯೇ 100 ಹಾಕಿದ್ದರು.

ವಿಂಡೋಸ್ ಕಂಪ್ಯೂಟರ್ ಕೈಯಾರೆ ಬರೆದ ಅಡ್ರೆಸ್ ಹಿಡಿಯುವ ಮುನ್ನ 'ಇದು ಯಾರದಾದರೂ ಇದೆಯೇ' ಎಂದು ಕೇಳುತ್ತದೆ. ಇದ್ದರೆ ಪರದೆಯ ಮೇಲೆ ಎಚ್ಚರಿಸಿ 169.254ರಿಂದ ಶುರುವಾಗುವ ಅಡ್ರೆಸ್ಸಿಗೆ ಸರಿಯುತ್ತದೆ. ಹೀಗೆ ವಿಚಾರಿಸುವ ಕ್ರಮ 2008ರಲ್ಲೇ ಆರ್‌ಎಫ್‌ಸಿ 5227 ಎಂಬ ದಾಖಲೆಯಾಗಿ ಬಂದಿದೆ. ಆದರೂ ಕ್ಯಾಮೆರಾ, ಥಂಬ್ ಮಷಿನ್, ಪ್ರಿಂಟರುಗಳಲ್ಲಿ ಎಷ್ಟೋ ಕೇಳದೆಯೇ ಕೂತುಬಿಡುತ್ತವೆ. ಎಚ್ಚರಿಕೆ ತೋರಿಸಲು ಅವಕ್ಕೆ ಪರದೆಯೂ ಇರುವುದಿಲ್ಲ.

ಇನ್ನು ಮಳೆಗಾಲದಲ್ಲಿ ಕರೆಂಟು ಹೋಗಿ ಬರುವ ಕಾಟ. ಅಡ್ರೆಸ್ ಹಂಚುವ ಕೆಲಸ ರೌಟರಿನದು. ಯಾರಿಗೆ ಯಾವುದು ಕೊಟ್ಟೆ ಎಂಬ ಲೆಕ್ಕವನ್ನು ಕಡಿಮೆ ಬೆಲೆಯ ರೌಟರುಗಳು ಕರೆಂಟು ಹೋದರೆ ಮರೆಯುತ್ತವೆ. ಹಂಚುವ ಸಾಲಿನೊಳಗಿನ ಅಡ್ರೆಸ್ಸನ್ನೇ ಯಾರೋ ಪ್ರಿಂಟರಿಗೆ ಕೈಯಾರೆ ಬರೆದಿದ್ದರೆ, ರೌಟರ್ ಅದನ್ನು ಹೊಸ ಮೊಬೈಲಿಗೂ ಕೊಟ್ಟುಬಿಡಬಹುದು. 'ಕರೆಂಟು ಬಂದ ಮೇಲೆ ಹೀಗಾಯ್ತು' ಎಂದು ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ನೋಡುವುದೇ ಇದನ್ನು.

ಆದ್ದರಿಂದ ಪ್ರಿಂಟರಿಗೆ ಕಾಯಂ ಅಡ್ರೆಸ್ ಬೇಕಿದ್ದರೆ ಯಂತ್ರದಲ್ಲಿ ಬರೆಯಬೇಡಿ. ಅದರ ಮ್ಯಾಕ್ ಅಡ್ರೆಸ್ಸನ್ನು ರೌಟರಿನಲ್ಲಿ ನಮೂದಿಸಿ ಕಾದಿರಿಸಿ. ಆಗ ಲೆಕ್ಕ ಒಂದೇ ಕಡೆ ಇರುತ್ತದೆ, ಕರೆಂಟು ಹೋದರೂ ಅಳಿಯುವುದಿಲ್ಲ.

ಕ್ಯಾಮೆರಾ, ಥಂಬ್ ಮಷಿನ್ ಕೊಟೇಶನ್ನಿಗೆ ಸಹಿ ಹಾಕುವ ಕಾರ್ಯದರ್ಶಿಗಳಲ್ಲಿ, ಮುಖ್ಯೋಪಾಧ್ಯಾಯರಲ್ಲಿ ನನ್ನದೊಂದು ಬೇಡಿಕೆ ಇದೆ. ಯಾವ ಯಂತ್ರ, ಯಾವ ಅಡ್ರೆಸ್, ಯಾವ ಮ್ಯಾಕ್, ಯಾವ ಕೋಣೆ, ಹಾಕಿದವರ ಫೋನ್ ನಂಬರ್ ಯಾವುದು ಎಂಬ ಪಟ್ಟಿ ಬರೆಸಿಕೊಂಡು ರೌಟರ್ ಪಕ್ಕದ ಗೋಡೆಗೆ ಅಂಟಿಸಿ. ಆ ಹಾಳೆ ಕೈಗೆ ಬರುವವರೆಗೆ ಕೊನೆಯ ಬಿಲ್ ಪಾಸು ಮಾಡಬೇಡಿ.