ಗಾಳಿಯಾಡದ ಹೊದಿಕೆ

ಡಿಸೆಂಬರ್ ಬಂತೆಂದರೆ, ದೆಹಲಿಯಲ್ಲಿ ಹಳೆಯ ಕಾರುಗಳನ್ನು ಜೋಪಾನವಾಗಿಟ್ಟುಕೊಂಡಿರುವ ನಮ್ಮಂಥವರು ಕಾರನ್ನು ತೊಳೆದು, ಶೆಡ್ಡಿಗೆ ಸೇರಿಸಿ, ಪ್ಲಾಸ್ಟಿಕ್ ಹೊದಿಸಿ ಬಾಗಿಲು ಹಾಕಿಬಿಡುತ್ತೇವೆ. ಇದು ಪ್ರೀತಿಯಿಂದ ಎಸಗುವ ಅಪಚಾರವೆಂದೇ ನಮ್ಮ ಅಭಿಪ್ರಾಯ.

ನಮ್ಮಲ್ಲಿರುವುದು ತಂದೆಯವರು ಕೊಂಡ 1970ರ ಫಿಯಟ್. ಎರಡು ಚಳಿಗಾಲ ಹೀಗೆಯೇ ಸುತ್ತಿಟ್ಟೆವು. ಮೂರನೆಯ ವರ್ಷ ಕಾಲಡಿಯ ರಬ್ಬರ್ ಹಾಸನ್ನು ಎತ್ತಿದರೆ, ತೂತುಬಿದ್ದ ತಗಡಿನಲ್ಲಿ ಶೆಡ್ಡಿನ ನೆಲವೇ ಕಾಣಿಸಿತು. ಮಳೆಯ ಹನಿಯೂ ಬೀಳದ ಜಾಗಕ್ಕೆ ನೀರು ಬಂದದ್ದೆಲ್ಲಿಂದ? ಗಾಳಿಯಿಂದಲೇ. ರಾತ್ರಿ ತಣ್ಣಗಾದ ಲೋಹಕ್ಕೆ ಬೆಳಗಿನ ತೇವದ ಗಾಳಿ ತಗುಲಿ ಇಬ್ಬನಿ ಕಟ್ಟುತ್ತದೆ. ಪ್ಲಾಸ್ಟಿಕ್ ಅದನ್ನು ಆರಗೊಡುವುದಿಲ್ಲ. ತೊಳೆದ ನೀರಿನ ಪಸೆಯೂ ಹಾಸಿನಡಿಯಲ್ಲಿ ಉಳಿದಿತ್ತು.

ದಿನಕ್ಕೆ ಐದು ನಿಮಿಷ ಎಂಜಿನ್ ಚಾಲೂ ಮಾಡಿ ಸಮಾಧಾನಪಡುವವರೂ ಉಂಟು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಹುಟ್ಟುತ್ತದೆ. ಸೈಲೆನ್ಸರ್ ಚೆನ್ನಾಗಿ ಕಾಯದಿದ್ದರೆ ಆ ಆವಿ ಅಲ್ಲಿಯೇ ನೀರಾಗಿ ನಿಂತು, ಒಳಗಿನಿಂದ ತುಕ್ಕು ಹಿಡಿಸುತ್ತದೆ. ಇದನ್ನು ನೆರೆಯವರು ನಂಬಲಿಲ್ಲ. ರಸಾಯನಶಾಸ್ತ್ರದಲ್ಲಿ ಇಂಗ್ಲಿಷ್ ಎಂ.ಎ.ಯ ಮಾತಿಗೆ ಬೆಲೆಯೆಲ್ಲಿ!

ಈಗ ನಮ್ಮದು ಹತ್ತಿಬಟ್ಟೆಯ ಹೊದಿಕೆ. ತೊಳೆದ ಕಾರು ಪೂರ್ತಿ ಆರುವವರೆಗೆ ಒಳಗೆ ಹೋಗದು. ಟ್ಯಾಂಕನ್ನು ತುಂಬಿಸಿಡುತ್ತೇವೆ; ಖಾಲಿ ಜಾಗವಿದ್ದರಲ್ಲವೇ ತೇವದ ಗಾಳಿ ಸೇರುವುದು? ಮಂಜು ಕರಗಿ ಬಿಸಿಲು ಬಿದ್ದ ಮಧ್ಯಾಹ್ನಗಳಲ್ಲಿ ಕಾರನ್ನು ಅಂಗಳಕ್ಕೆ ತಳ್ಳಿ, ನಾಲ್ಕೂ ಬಾಗಿಲು ತೆರೆದು, ರಬ್ಬರ್ ಹಾಸುಗಳನ್ನು ಗೋಡೆಯ ಮೇಲೆ ಹರಡುತ್ತೇವೆ. ಅದೇ ಬಿಸಿಲಿಗೆ ಅಮ್ಮನ ರಜಾಯಿಗಳೂ ಬರುತ್ತವೆ.